ಎಡಗಡೆ ಕೆಟ್ಟ ಮಷೀನು

ನಾನು ಚಿಕ್ಕವನಿದ್ದಾಗ, ಹೇಳಲೇಬೇಕಾಗಿದ್ದ ಒಂದು ಮಾತನ್ನು ಹೇಳದೆ ನುಂಗಿಕೊಂಡಿದ್ದೆ. ಐವತ್ತು ದಾಟಿದರೂ ಅದು ಇನ್ನೂ ಗಂಟಲಲ್ಲೇ ಇದೆ. ಮೊಮ್ಮಕ್ಕಳೇ, ನಿಮ್ಮಿಬ್ಬರಲ್ಲಿ ದೊಡ್ಡವಳು ನಾಲ್ಕು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅವಳ ಗುಟ್ಟನ್ನು ಅವಳಮ್ಮನಿಗೆ ಹೇಳಿಬಿಟ್ಟೆನಂತೆ, ಅಜ್ಜ ಚಾಡಿಕೋರನಂತೆ. ಅನ್ನಲಿ. ಬಾಯಿ ಮುಚ್ಚಿಕೊಂಡವಳ ಕಿವಿ ತೆರೆದೇ ಇರುತ್ತದಲ್ಲ, ಕೇಳಿಸಿಕೊಳ್ಳಲಿ. ಇದು ನಿಮ್ಮ ದೊಡ್ಡಜ್ಜಿಯ ಕಥೆ, ಅಂದರೆ ನನ್ನ ಅಕ್ಕನ ಕಥೆ. ಕಣ್ಣು ಕಾಣದಿದ್ದರೂ ಟಿ.ವಿ. ಮುಂದೆ ಕೂತು ನಿಮ್ಮ ಜೊತೆ ಕಾರು ಓಡಿಸುವ ಆಟ ಆಡುತ್ತಾಳಲ್ಲ, ಅವಳದು. ಅವಳು ಹುಟ್ಟುಕುರುಡಿ ಎಂದು ನೀವು ತಿಳಿದಿದ್ದೀರಿ. ಹಾಗಲ್ಲ.

ಆಗ ನಾವು ಸಿರುಗುಪ್ಪದಲ್ಲಿದ್ದೆವು. ಊರ ತುಂಬ ಅಕ್ಕಿ ಗಿರಣಿಗಳು. ಭತ್ತ ಬೇಯಿಸುವ ವಾಸನೆ ಬಟ್ಟೆಗೆ, ತಲೆಗೂದಲಿಗೆ, ಹಾಸಿಗೆಗೆ ಹತ್ತಿಕೊಂಡಿರುತ್ತಿತ್ತು. ಅಪ್ಪ ಒಂದು ಗಿರಣಿಯ ಲಾರಿ ಓಡಿಸುತ್ತಿದ್ದ. ದಸರಾ ರಜೆ ಬಂತೆಂದರೆ ಅಕ್ಕಿ ಚೀಲ ಹೇರಿಕೊಂಡು ಬಳ್ಳಾರಿಗೆ ಹೋಗುವಾಗ ನನ್ನನ್ನೂ ಅಕ್ಕನನ್ನೂ ಕರೆದುಕೊಂಡು ಹೋಗುತ್ತಿದ್ದ. ಕ್ಯಾಬಿನ್‌ನಲ್ಲಿ ಇಂಜಿನ್ ಮೇಲಿನ ಮುಚ್ಚಳ ಕಾದ ಹಂಚಾಗಿರುತ್ತಿತ್ತು. ಅದರ ಮೇಲೆ ಗೋಣಿಚೀಲ ಮಡಚಿ ಹಾಕಿಕೊಂಡು ನಾನು ಕೂರುತ್ತಿದ್ದೆ, ಅಕ್ಕ ಕಿಟಕಿ ಪಕ್ಕ. ನನಗೆ ಹತ್ತು ವರ್ಷ, ಅವಳಿಗೆ ಹದಿನಾಲ್ಕು.

ಅಕ್ಕನ ಬಲಗಣ್ಣಿನಲ್ಲಿ ಚಿಕ್ಕಂದಿನಲ್ಲೇ ಹೂವು ಬಿದ್ದಿತ್ತು. ಹೂವೆಂದರೆ ಮಲ್ಲಿಗೆಯಲ್ಲ, ದಡಾರ ಬಂದು ಹೋದ ಮೇಲೆ ಕಣ್ಣಗುಡ್ಡೆಯ ಮೇಲೆ ಉಳಿದ ಬಿಳಿ ಕಲೆ. ಆ ಕಣ್ಣು ಏನೂ ಕಾಣುತ್ತಿರಲಿಲ್ಲ. ಇದ್ದುದು ಎಡಗಣ್ಣು ಒಂದೇ. ಆ ಒಂದೇ ಕಣ್ಣಲ್ಲಿ ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು, ತರಗತಿಗೆ ಮೊದಲ ನಂಬರು ಬರುತ್ತಿದ್ದಳು. ನಮ್ಮ ಓಣಿಯಲ್ಲಿ ಹೈಸ್ಕೂಲು ಮೆಟ್ಟಿಲು ಹತ್ತಿದ ಹುಡುಗಿ ಅವಳೊಬ್ಬಳೇ. ಆ ವರ್ಷ ದಸರಾ ರಜೆಗೆ ಸ್ವಲ್ಪ ಮೊದಲು, ಓಣಿಯ ಕೈಪಂಪಿಗೆ, ನಾವು ಬೋರಿಂಗು ಅನ್ನುತ್ತಿದ್ದೆವು, ನೀರಿಗೆ ಹೋದಾಗ ಅದರ ಕಬ್ಬಿಣದ ಹಿಡಿಕೆ ಚಿಮ್ಮಿ ಅವಳ ಎಡ ಹುಬ್ಬಿಗೆ ಬಡಿಯಿತು. ಅವ್ವ ಅರಿಶಿನ ಮೆತ್ತಿದಳು. ನಾಲ್ಕು ದಿನಕ್ಕೆ ಬಾವು ಇಳಿಯಿತು. ಎಲ್ಲರೂ ಮರೆತೆವು.

ಬಳ್ಳಾರಿಯಲ್ಲಿ ಲಾರಿ ಖಾಲಿಯಾಗುವವರೆಗೆ ಅಪ್ಪ ನಮ್ಮನ್ನು ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಚಾಚಾನ ಅಂಗಡಿಯಲ್ಲಿ ಬಿಡುತ್ತಿದ್ದ. ಚಾಚಾ ಅಪ್ಪನ ಗೆಳೆಯ. ಮುಂದೆ ರೇಡಿಯೋ ರಿಪೇರಿ, ಹಿಂದೆ ಒಂದು ದಪ್ಪ ಪರದೆ. ಆ ಪರದೆ ಸರಿಸಿ ಒಳಗೆ ಹೋದರೆ, ಅಬ್ಬಬ್ಬಾ, ಹಗಲೇ ಕತ್ತಲೆ! ಕತ್ತಲಲ್ಲಿ ಮೂರು ವಿಡಿಯೋ ಗೇಮ್ ಮಷೀನುಗಳು, ಕಪಾಟಿನಷ್ಟು ಎತ್ತರ. ಬೆಸುಗೆಯ ಹೊಗೆ, ಊದುಬತ್ತಿ, ಹುಡುಗರ ಬೆವರು ಎಲ್ಲ ಕಲೆತ ವಾಸನೆ. ಹಿತ್ತಾಳೆಯ ಬಿಲ್ಲೆಯೊಂದನ್ನು ಸಂದಿಯಲ್ಲಿ ತೂರಿದರೆ ಟುಂಯ್ ಎಂದು ಮಷೀನು ಎಚ್ಚರವಾಗುತ್ತಿತ್ತು. ನಮ್ಮ ಆಟದಲ್ಲಿ ಕೆಳಗೆ ಒಂದು ಪುಟ್ಟ ವಿಮಾನ. ಮೇಲಿನಿಂದ, ಅಕ್ಕಪಕ್ಕದಿಂದ ಕಲ್ಲುಗುಂಡುಗಳು ಬರುತ್ತಿದ್ದವು. ಇಬ್ಬರಿಗೂ ಸೇರಿ ಒಂದೇ ಬಿಲ್ಲೆ. ಅಕ್ಕ ಕೋಲು ಹಿಡಿದು ವಿಮಾನ ಓಡಿಸುವುದು, ನಾನು ಗುಂಡಿ ಒತ್ತಿ ಗುಂಡು ಹಾರಿಸುವುದು. ಅಕ್ಕ ಕೋಲು ಹಿಡಿದಳೆಂದರೆ ಕಾಲೇಜು ಹುಡುಗರೂ ತಮ್ಮ ಆಟ ಬಿಟ್ಟು ನೋಡಲು ಬರುತ್ತಿದ್ದರು.

ಆ ದಿನ ಮಾತ್ರ ಆಟ ಶುರುವಾಗುತ್ತಿದ್ದ ಹಾಗೆಯೇ ವಿಮಾನ ಢಂ ಎಂದಿತು. ಇನ್ನೊಂದು ವಿಮಾನ ಬಂತು, ಅದೂ ಢಂ. ಎರಡು ಸಲವೂ ಕಲ್ಲು ಬಂದದ್ದು ಎಡಗಡೆಯಿಂದ. ಅಕ್ಕ ಅಲ್ಲಾಡಲೇ ಇಲ್ಲ. “ಏನ್ ಮಾಡಾಕತ್ತೀಯಕ್ಕ? ನಿದ್ದಿ ಬಂತೇನು?” ಎಂದು ನಾನು ರೇಗಿದೆ. ಅವಳು ನನ್ನನ್ನು ಬಿಟ್ಟು ಪರದೆಯ ಆಚೆ ಕೂಗಿದಳು.

“ಚಾಚಾ, ನಿಮ್ಮ ಮಷೀನು ಕೆಟ್ಟೈತ್ರಿ. ಎಡಗಡಿ ಕರ್ರಗ ಕಾಣತೈತಿ.”

ಚಾಚಾ ಸ್ಕ್ರೂಡ್ರೈವರ್ ಹಿಡಿದು ಬಂದ. ಮಷೀನಿನ ಬೆನ್ನು ಬಿಚ್ಚಿ ಏನೋ ತಿರುಗಿಸಿದ, ಚಿತ್ರ ಫಳಫಳ ಹೊಳೆಯಿತು. “ಈಗ ನೋಡು ಬೇಟಿ.” ಅಕ್ಕ ನೋಡಿ, “ಇನ್ನೂ ಕರ್ರಗ ಐತ್ರಿ,” ಎಂದಳು. ಚಾಚಾ ಮಷೀನಿನ ಪಕ್ಕೆಗೆ ಎರಡು ಏಟು ಕೊಟ್ಟ. ಆಗಲೂ ಅಷ್ಟೇ. ಅವನು ನನ್ನ ಕಡೆ ತಿರುಗಿದ. “ನಿನಗ ಹೆಂಗ ಕಾಣತೈತಲೇ?”

“ನನಗ ಎಲ್ಲಾ ಬರೋಬರಿ ಕಾಣತೈತ್ರಿ,” ಎಂದೆ. ಅದನ್ನು ಎಷ್ಟು ಹೆಮ್ಮೆಯಿಂದ ಹೇಳಿದೆನೆಂದರೆ, ಈಗ ನೆನೆದರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಚಾಚಾ ಅಕ್ಕನ ರಟ್ಟೆ ಹಿಡಿದು ಪಕ್ಕದ ಮಷೀನಿನ ಮುಂದೆ ನಿಲ್ಲಿಸಿದ. “ಇದರಾಗ?” ಅಕ್ಕ ಬಹಳ ಹೊತ್ತು ನೋಡಿದಳು. ತಲೆ ಆ ಕಡೆ ಈ ಕಡೆ ಹೊರಳಿಸಿ ನೋಡಿದಳು. ಆಮೇಲೆ ಮೆಲ್ಲಗೆ, “ಇದರಾಗೂ ಕರ್ರಗ ಐತ್ರಿ,” ಎಂದಳು. ಮೂರನೆಯದರ ಹತ್ತಿರ ಅವಳು ಹೋಗಲೇ ಇಲ್ಲ.

“ಎರಡು ಮಷೀನು ಒಂದ ಕಡಿ ಕೆಡೋದಿಲ್ಲ ಬೇಟಿ,” ಎಂದ ಚಾಚಾ. ಅಲ್ಲಿದ್ದ ಹುಡುಗರು ಕಿಸಕ್ಕೆಂದರು. ಚಾಚಾ ಅವರನ್ನು ಗದರಿಸಿ ಹೊರಗಟ್ಟಿದ.

ಅಕ್ಕನಿಗೆ ಗೊತ್ತಾಯಿತು. ನನಗೂ ಗೊತ್ತಾಯಿತು. ಹೊರಗೆ ಬಿಸಿಲಲ್ಲಿ ಅವಳಿಗೆ ಅಷ್ಟಾಗಿ ತಿಳಿಯದೇ ಇದ್ದದ್ದು ಆ ಕತ್ತಲೆಯ ಕೋಣೆಯಲ್ಲಿ ಬಯಲಾಗಿತ್ತು. ಆದರೂ ಅವಳು ಮೊದಲಿನ ಮಷೀನಿಗೆ ಬಂದು ಕೋಲು ಹಿಡಿದಳು. “ಎಡಕ್ಕ ಏನೈತಲೇ? ನೀ ಹೇಳು, ನಾ ಹೊರಳಸ್ತೀನಿ,” ಎಂದಳು. ನಾನು ಅವಳ ಎಡಕ್ಕೆ ನಿಂತು ಕೂಗತೊಡಗಿದೆ. ಕಲ್ಲು ಬಂತಕ್ಕ! ಇನ್ನೊಂದು ಬಂತು! ಈಗ ಇಲ್ಲ! ಒಂದು ಕೈ ಗುಂಡಿಯ ಮೇಲೆ, ಗಂಟಲು ಹರಿಯುವ ಹಾಗೆ ಕೂಗು. ಮಕ್ಕಳೇ, ಹೇಳಲು ನಾಚಿಕೆಯಾಗುತ್ತದೆ, ಅಷ್ಟು ಚೆನ್ನಾಗಿ ನಾವು ಯಾವತ್ತೂ ಆಡಿರಲಿಲ್ಲ. ಒಂದೇ ಬಿಲ್ಲೆಯಲ್ಲಿ ಮಧ್ಯಾಹ್ನ ಕಳೆಯಿತು. ನಾನು ಖುಷಿಯಾಗಿದ್ದೆ. ನಾನಿಲ್ಲದಿದ್ದರೆ ಅಕ್ಕನಿಗೆ ಆಗುವುದಿಲ್ಲ ಎಂಬ ಖುಷಿ ಅದು.

ನೀರು ಕುಡಿಯಲು ಹೊರಗೆ ಬಂದಾಗ ಚಾಚಾ ನನ್ನ ಭುಜ ಹಿಡಿದು ಮೂಲೆಗೆ ಎಳೆದುಕೊಂಡ. “ನೋಡು ಬೇಟಾ, ಅಕಿ ಹೇಳಂಗಿಲ್ಲ, ಹೆದರ್ಯಾಳ. ನೀ ಹೇಳು. ಇಲ್ಲೇ ದವಾಖಾನ್ಯಾಗ ಕಣ್ಣಿನ ಡಾಕ್ಟರ್ ಸಂಜಿ ತನಕ ಇರ್ತಾರ. ಅಪ್ಪ ಬಂದ ಕೂಡಲೇ ಹೇಳು. ನಾಳೆ ಅನ್ನಬ್ಯಾಡ. ಹೇಳ್ತೀಯಿಲ್ಲೋ?”

“ಹೇಳ್ತೀನ್ರಿ ಚಾಚಾ,” ಎಂದೆ.

ಅಪ್ಪ ಬರುವ ಹೊತ್ತಿಗೆ ಚಾಚಾ ಯಾರದೋ ಮನೆಗೆ ರೇಡಿಯೋ ಕೊಡಲು ಸೈಕಲ್ ಏರಿ ಹೋಗಿದ್ದ. ಅಪ್ಪನ ಕೈಯಲ್ಲಿ ಕಾಗದದ ಪೊಟ್ಟಣ, ಅದರಲ್ಲಿ ಒಗ್ಗರಣೆ ಮಂಡಕ್ಕಿ, ಬಿಸಿಬಿಸಿ ಮಿರ್ಚಿ. ಲಾರಿ ಹತ್ತಿದೆವು. ಅಕ್ಕ ಗೋಣಿಚೀಲದ ಕೆಳಗಿನಿಂದ ನನ್ನ ಕೈ ಹಿಡಿದುಕೊಂಡು ಕಿವಿಯಲ್ಲಿ ಪಿಸುಗುಟ್ಟಿದಳು. “ಅಪ್ಪಗ ಹೇಳಬ್ಯಾಡಲೇ. ಓದಿ ಓದಿ ಕಣ್ಣು ಕೆಟ್ಟಾವು ಅಂತ ಸಾಲಿ ಬಿಡಸ್ತಾರ. ನಿನ್ನ ಕಾಲಿಗೆ ಬೀಳ್ತೀನಿ.” ಇಂಜಿನ್ನಿನ ಸದ್ದಿನಲ್ಲಿ ಅಪ್ಪನಿಗೆ ಏನೂ ಕೇಳಲಿಲ್ಲ.

ಅಕ್ಕನಿಗೆ ಮಾತು ಕೊಟ್ಟೆ, ಅದಕ್ಕೇ ಸುಮ್ಮನಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ಸುಳ್ಳು. ಹೇಳಿದರೆ ಲಾರಿ ಸವಾರಿ ನಿಲ್ಲುತ್ತದೆ, ಚಾಚಾನ ಅಂಗಡಿ ನಿಲ್ಲುತ್ತದೆ, ಟುಂಯ್ ಎನ್ನುವ ಆ ಸದ್ದು ಮತ್ತೆ ಕೇಳುವುದಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ದವಾಖಾನೆಯ ಗೇಟು ಕಿಟಕಿಯಲ್ಲಿ ಬಂತು, ಹಿಂದೆ ಸರಿಯಿತು. ನಾನು ಮಿರ್ಚಿ ತಿನ್ನುತ್ತಿದ್ದೆ.

ಸಿರಿಗೇರಿ ಕ್ರಾಸಿನಲ್ಲಿ ಚಹಾಕ್ಕೆ ಲಾರಿ ನಿಲ್ಲಿಸಿದಾಗ ಅಪ್ಪ ನಮ್ಮಿಬ್ಬರ ಮುಖ ನೋಡಿದ. “ಯಾಕಲೇ, ಇವತ್ತ ಇಬ್ಬರ ಬಾಯಿಗೂ ಬೀಗ ಬಿದ್ದೈತಿ?”

“ಏನಿಲ್ಲಪ್ಪ, ಆಟ ಸೋತ್ವಿ,” ಎಂದೆ.

ಅಪ್ಪ ನಕ್ಕುಬಿಟ್ಟ. “ಅಷ್ಟ ಏನು? ಮುಂದಿನ ಸಲ ಗೆಲ್ತೀರಿ ಬಿಡ್ರಿ,” ಎಂದು ನನ್ನ ತಲೆ ಸವರಿದ.

ಆ ರಜೆಯಲ್ಲಿ ಇನ್ನೆರಡು ಸಲ ಹೋದೆವು. ಅಕ್ಕನ ಎಡಗಡೆಯ ಕತ್ತಲೆ ಒಳಗೊಳಗೆ ಸರಿಯುತ್ತಿತ್ತು. ನಾನು ಹೆಚ್ಚು ಹೆಚ್ಚು ಕೂಗಬೇಕಾಗುತ್ತಿತ್ತು. “ಹೇಳಿದ್ಯೇನು?” ಎಂದು ಚಾಚಾ ಕೇಳಿದ. “ಹೇಳೀನ್ರಿ, ಔಷಧ ಹಾಕಾಕತ್ಯಾರ,” ಎಂದೆ. ಪಾಪ, ನಂಬಿದ. ಹತ್ತು ವರ್ಷದ ಹುಡುಗ ಅಂಥ ಸುಳ್ಳು ಹೇಳುತ್ತಾನೆಂದು ಯಾರು ತಾನೆ ತಿಳಿಯುತ್ತಾರೆ?

ಶಾಲೆ ತೆರೆಯುವ ದಿನ ಬೆಳಿಗ್ಗೆ ಅಕ್ಕ ಕೊಡ ಹಿಡಿದು ನೀರಿಗೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲವೆಂದು ನಾನು ಓಡಿದೆ. ಓಣಿಯ ನಟ್ಟನಡುವೆ ನಿಂತಿದ್ದಳು. ಕೊಡ ಕಾಲ ಬಳಿ ಉರುಳಿ ಬಿದ್ದಿತ್ತು. ಬೋರಿಂಗು ಎದುರಿಗೇ ಇತ್ತು, ಅವಳು ಗೋಡೆಯ ಕಡೆ ಕೈ ಚಾಚಿದ್ದಳು. ನನ್ನ ಹೆಜ್ಜೆ ಸದ್ದು ಕೇಳಿ, “ಬಂದ್ಯೇನು? ಎಡಕ್ಕ ಏನೈತಲೇ?” ಎಂದಳು. ಆಮೇಲೆ, “ಬಲಕ್ಕ ಏನೈತಿ?” ಎಂದಳು. ನಾನು ಅಲ್ಲೇ ಹೋ ಎಂದು ಅಳಲು ಶುರುಮಾಡಿದೆ.

ಅಪ್ಪ ಲಾರಿಯಲ್ಲೇ ಬಳ್ಳಾರಿಗೆ ಒಯ್ದ. ಡಾಕ್ಟರು ದೀಪ ಹಾಕಿ ಅಕ್ಕನ ಕಣ್ಣು ನೋಡಿ, “ಯಾವಾಗಿನಿಂದ ಹೀಗೆ?” ಎಂದು ಕೇಳಿದರು. ನಾನು ಅಪ್ಪನ ಬೆನ್ನ ಹಿಂದೆ ಅಡಗಿ ನಿಂತಿದ್ದೆ. ಅಕ್ಕ ನನ್ನ ಉಸಿರು ಎಲ್ಲಿದೆ ಎಂದು ಹುಡುಕುವವಳ ಹಾಗೆ ಸ್ವಲ್ಪ ತಲೆ ಹೊರಳಿಸಿದಳು. “ನಿನ್ನೆಯಿಂದ್ರಿ,” ಎಂದಳು.

ಡಾಕ್ಟರು ನಂಬಲಿಲ್ಲ. ಕಣ್ಣೊಳಗೆ ಒಂದು ತೆಳು ಪರದೆ ಇರುತ್ತದೆ, ಪೆಟ್ಟು ಬಿದ್ದು ಅದು ಅಂಚಿನಿಂದ ಸುಲಿದುಕೊಂಡು ಬಂದಿದೆ, ಅಂಚಿನಲ್ಲಿ ಕಪ್ಪು ಕಂಡಾಗಲೇ ಬಂದಿದ್ದರೆ ಮದ್ರಾಸಿಗೆ ಕಳಿಸಿ ಉಳಿಸಬಹುದಿತ್ತೇನೋ ಎಂದರು. ಅಪ್ಪ ಮದ್ರಾಸಿಗೂ ಕರೆದೊಯ್ದ. ಅಲ್ಲೂ ಅದೇ ಮಾತು. ವಾಪಸು ಬಂದ ದಿನ ಅಪ್ಪ ಲಾರಿಯ ಗಾಲಿಗೆ ಒರಗಿ ಕೂತು, ಹೆಗಲ ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ಅತ್ತ. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಗಲೂ ನಾನು ಹೇಳಲಿಲ್ಲ. ಅಪ್ಪ ತೀರಿಕೊಳ್ಳುವವರೆಗೂ ಹೇಳಲಿಲ್ಲ.

ಅಕ್ಕನ ಶಾಲೆ ಅಲ್ಲಿಗೇ ನಿಂತಿತು. ಕುರುಗೋಡಿನಲ್ಲಿ ಅಪ್ಪನ ತಂಗಿಯ ಮನೆಯಲ್ಲಿ ಬಹಳ ವರ್ಷ ಇದ್ದಳು. ಕೈ ಅಳತೆಯಲ್ಲೇ ಹಿಟ್ಟು ನಾದಿ, ಸದ್ದಿನ ಮೇಲೇ ರೊಟ್ಟಿ ಬಡಿಯುವುದನ್ನು ಕಲಿತಳು. ಪಟಪಟ ಸದ್ದು ದಪ್ಪಗೆ ಕೇಳಿದರೆ ರೊಟ್ಟಿ ಇನ್ನೂ ದಪ್ಪ ಇದೆ ಎಂದು ಅವಳಿಗೆ ತಿಳಿಯುತ್ತಿತ್ತು. ನಾನು ಮತ್ತೆ ಚಾಚಾನ ಅಂಗಡಿಗೆ ಕಾಲಿಡಲಿಲ್ಲ. ಒಮ್ಮೆ ಆ ಗಲ್ಲಿಯಲ್ಲಿ ಸಿಕ್ಕಿಬಿದ್ದಾಗ ಅವನು, “ಬೇಟಿ ಹೆಂಗದಾಳ?” ಎಂದು ಕೇಳಿದ. ನಾನು ಓಡಿಬಿಟ್ಟೆ.

ಈಗ ನಿಮ್ಮ ಕಾಲ ನೋಡಿ. ಬಳ್ಳಾರಿ ಕಂಟೋನ್ಮೆಂಟಿನ ಈ ಮನೆಯಲ್ಲಿ ಟಿ.ವಿ.ಗೇ ಆಟ ಬರುತ್ತದೆ. ಪರದೆ ಸರಿಸಬೇಕಿಲ್ಲ, ಬಿಲ್ಲೆ ಬೇಕಿಲ್ಲ. ಕಾರು ರಸ್ತೆಯ ಅಂಚಿಗೆ ತಾಗಿದರೆ ಕೈಯಲ್ಲಿರುವ ಆಟದ ರಿಮೋಟು ಗುರ್‍ರೆಂದು ನಡುಗುತ್ತದೆ. ಆ ನಡುಕ ಹಿಡಿದು, ನಿಮ್ಮ ಕೂಗು ಕೇಳಿ, ಅಕ್ಕ ನನ್ನನ್ನೇ ಸೋಲಿಸುತ್ತಾಳೆ. ಇಬ್ಬರು ಹಣ್ಣುಗೂದಲಿನವರು ಟಿ.ವಿ. ಮುಂದೆ ಜಗಳಾಡುವುದನ್ನು ನೋಡಿ ನೀವು ಹೊಟ್ಟೆ ಹಿಡಿದು ನಗುತ್ತೀರಿ. ಕಣ್ಣಿನ ಡಾಕ್ಟರು ಬೀದಿಯ ತುದಿಯಲ್ಲೇ ಇದ್ದಾರೆ, ಎರಡು ದಿನಕ್ಕೆ ಕನ್ನಡಕ ಬರುತ್ತದೆ. ಎಲ್ಲ ಬದಲಾಗಿದೆ. ಆಟ ಕೈತಪ್ಪಿ ಹೋದೀತೆಂಬ ಭಯ ಮಾತ್ರ ಹಾಗೇ ಇದೆ.

ದೊಡ್ಡವಳೇ, ಸೋಮವಾರ ಸಂಜೆ ನೀನು ನನ್ನ ಕಿವಿಯಲ್ಲಿ ಹೇಳಿದೆಯಲ್ಲ, “ಅಜ್ಜ, ಬೋರ್ಡ್ ಮ್ಯಾಲಿನ ಅಕ್ಷರ ಕಾಣವಲ್ಲವು. ಅಮ್ಮಗ ಹೇಳಬ್ಯಾಡ, ಗೇಮ್ ಕಸಗೊಂತಾಳ,” ಎಂದು. ನನ್ನ ಕೈಯಲ್ಲಿ ಚಹಾದ ಲೋಟ ಇತ್ತು. ಅದನ್ನು ಕುಡಿಯಲೂ ಇಲ್ಲ, ಕೆಳಗಿಡಲೂ ಇಲ್ಲ, ನೇರ ಅಡುಗೆಮನೆಗೆ ಹೋಗಿ ನಿನ್ನಮ್ಮನಿಗೆ ಹೇಳಿದೆ. ಅವಸರಕ್ಕೆ ಅರ್ಧ ಚಹಾ ನೆಲದ ಪಾಲಾಯಿತು.

ಹೇಳಿ ಬಂದವನು ಅಕ್ಕನ ಪಕ್ಕ ಕೂತೆ. ಚಾಚಾ ನನಗೆ ಹೇಳಿದ್ದ ಮಾತನ್ನು, ನಾನು ಅವನಿಗೆ ಹೇಳಿದ ಸುಳ್ಳನ್ನು, ಎಲ್ಲ ಹೇಳಿದೆ. ಇಷ್ಟು ವರ್ಷ ಅವಳಿಗೆ ಅದು ಗೊತ್ತೇ ಇರಲಿಲ್ಲ.

“ಅವತ್ತ ಡಾಕ್ಟರ್ ಸಂಜಿ ತನಕ ಇದ್ರೇನು?” ಎಂದಳು.

“ಇದ್ದರಕ್ಕ.”

“ಲಾರಿನೂ ಆ ಗೇಟಿನ ಮುಂದ ಹಾದು ಬಂತು.”

“ಹೌದಕ್ಕ.”

ಬೈಯಲಿ, ಹೊಡೆಯಲಿ, ಇಲ್ಲವೇ ಹೋಗಲಿ ಬಿಡೋ ಎನ್ನಲಿ ಎಂದು ಕಾದೆ. ಅವಳು ನನ್ನ ಕೈ ಹುಡುಕಿ ಹಿಡಿದುಕೊಂಡು ಹೇಳಿದ್ದು ಇಷ್ಟು: “ಹೇಳಬ್ಯಾಡ ಅಂದಾಕಿ ನಾನ, ಖರೇ. ಆದ್ರೂ ನೀ ಹೇಳಬೇಕಿತ್ತಲೇ.”

ಅದಕ್ಕೇ ಹೇಳಿದೆ ಕಣವ್ವಾ, ನಿನ್ನ ಗುಟ್ಟನ್ನು. ನಿನ್ನ ಕನ್ನಡಕ ಬಂದು ಡಬ್ಬಿಯಲ್ಲೇ ಇದೆ, ಟಿ.ವಿ. ಪಕ್ಕ. ಅಕ್ಕ ಆಗಲೇ ಆಟ ಹಚ್ಚಿಕೊಂಡು ಕೂತಿದ್ದಾಳೆ. ನಿನ್ನ ತಮ್ಮನಿಗೆ ಎಡ ಯಾವುದು, ಬಲ ಯಾವುದು ಇನ್ನೂ ಗೊತ್ತಿಲ್ಲ, ಕಾರು ಗೋಡೆಗೆ ಗುದ್ದುತ್ತಲೇ ಇದೆ. “ಎಡಕ್ಕ ಏನೈತಲೇ, ಯಾರಾರ ಹೇಳ್ರಿ!” ಎಂದು ಅವಳು ಕೂಗುತ್ತಿದ್ದಾಳೆ. ನನ್ನ ಮೇಲೆ ಸಿಟ್ಟಿದ್ದರೆ ಇರಲಿ. ಕನ್ನಡಕ ಹಾಕಿಕೊಂಡು ಬಂದು ಅವಳಿಗೆ ಹೇಳು.