ಬ್ಯಾಟರಿ ಮುಗಿಯದ ಟ್ಯಾಬು

ಲ್ಯಾಪ್‌ಟಾಪಿನ ಜಾಗದಲ್ಲಿ ಟ್ಯಾಬ್ ಇಟ್ಟುಕೊಂಡು ದಿನದ ಕೆಲಸ ಮಾಡಬಹುದೇ ಎಂಬ ಪ್ರಶ್ನೆಗೆ ಉತ್ತರ ಹೇಳುವ ಪಂಡಿತರು ಮೊಬೈಲಿನಲ್ಲಿ ಬೇಕಾದಷ್ಟು ಸಿಗುತ್ತಾರೆ. ಅವರ ಹಿಂದೆ ಬಿಳಿ ಗೋಡೆ, ಮುಂದೆ ಬಿಳಿ ಮೇಜು, ಮೇಜಿನ ಮೇಲೆ ಚೊಂಬಿನಷ್ಟು ದೊಡ್ಡ ಕಾಫಿ ಕಪ್ಪು. ಅವರಲ್ಲಿ ಒಬ್ಬನೂ ಶಹಾಪುರದ ತಹಸೀಲ್ ಕಚೇರಿಯ ಎದುರು, ಬೇವಿನ ಮರದ ಕೆಳಗೆ, ಮೇ ತಿಂಗಳ ಬಿಸಿಲಲ್ಲಿ ಕುಳಿತು ಟ್ಯಾಬ್ ಒತ್ತಿದವನಲ್ಲ. ಆ ಭಾಗ್ಯ ನನಗೆ ಒದಗಿತು. ಹಾಗಾಗಿ ನನ್ನನ್ನು ಯಾರೂ ಕೇಳದಿದ್ದರೂ ಹೇಳುತ್ತಿದ್ದೇನೆ.

ನಾನು ಅರ್ಜಿ ಬರೆಯುವವನು. ಇಪ್ಪತ್ತಾರು ವರ್ಷದಿಂದ ಅದೇ ಮರ, ಅದೇ ಮೇಜು. ಮೊದಲು ಟೈಪ್‌ರೈಟರ್ ಇತ್ತು, ಆಮೇಲೆ ಲ್ಯಾಪ್‌ಟಾಪ್ ಬಂತು. ಜನ ತಮ್ಮ ಭಾಷೆಯಲ್ಲಿ ಹೇಳುತ್ತಾರೆ, ನಾನು ಅದನ್ನು ಕಚೇರಿಗೆ ರುಚಿಸುವ ಭಾಷೆಗೆ ಇಳಿಸುತ್ತೇನೆ. "ನಮ್ಮ ಹೊಲಕ್ಕ ಹೋಗೂ ದಾರಿಗಿ ಅವ ಮುಳ್ಳ ಹಚ್ಯಾನ್ರಿ" ಎಂದು ಒಬ್ಬ ಹೇಳಿದರೆ, "ಸದರಿ ಎದುರುದಾರರು ಅನಾದಿ ಕಾಲದಿಂದ ರೂಢಿಯಲ್ಲಿರುವ ದಾರಿಯನ್ನು ಅಕ್ರಮವಾಗಿ ಬಂದ್ ಮಾಡಿರುತ್ತಾರೆ" ಎಂದು ನಾನು ಬರೆಯುತ್ತೇನೆ. ಅದನ್ನು ಕೇಳಿದ ಮೇಲೆ ಅವನಿಗೇ ತನ್ನ ಜಗಳದ ಬಗ್ಗೆ ಗೌರವ ಹುಟ್ಟುತ್ತದೆ.

ಲ್ಯಾಪ್‌ಟಾಪ್ ತೊಡೆಯ ಮೇಲೆ ಇಟ್ಟುಕೊಳ್ಳುವ ಯಂತ್ರ ಎಂದು ಯಾರೋ ಹೇಳಿದ್ದರು. ನನ್ನದನ್ನು ತೊಡೆಯ ಮೇಲೆ ಇಟ್ಟುಕೊಳ್ಳುವವನು ಸುಟ್ಟ ಗಾಯದ ಮುಲಾಮನ್ನೂ ಜೊತೆಗೆ ಇಟ್ಟುಕೊಳ್ಳಬೇಕಿತ್ತು. ಕಲಬುರಗಿಯಲ್ಲಿ ಸೆಕೆಂಡ್ ಹ್ಯಾಂಡ್ ತಂದದ್ದು. ಮುಚ್ಚಳದ ಕೀಲು ಮುರಿದು, ಹಿಂದೆ ಒಂದು ಇಟ್ಟಿಗೆಯ ಆಸರೆ ಬೇಕಾಗುತ್ತಿತ್ತು. ಬ್ಯಾಟರಿ ಹೆಸರಿಗಷ್ಟೇ ಇತ್ತು. ಪಕ್ಕದ ಝೆರಾಕ್ಸ್ ಅಂಗಡಿಯಿಂದ ಎಳೆದ ವೈರಿನಲ್ಲಿ ಕರೆಂಟು ಬರುತ್ತಿತ್ತು. ಯಾರಾದರೂ ಎಡವಿದರೆ ಹೋಗುತ್ತಿತ್ತು. ಆದರೂ ಹನ್ನೊಂದು ವರ್ಷ ನನ್ನ ಮನೆ ನಡೆದದ್ದು ಅದರಿಂದಲೇ.

ನನ್ನ ಅಳಿಯನಿಗೆ ಇದನ್ನು ಸಹಿಸಲಾಗಲಿಲ್ಲ. ಅವನು ಸೈದಾಪುರದ ಹತ್ತಿರ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಒಂದು ಭಾನುವಾರ ಮಗಳ ಜೊತೆ ಮನೆಗೆ ಬಂದವನು, ಊಟ ಮುಗಿದ ಮೇಲೆ ಬ್ಯಾಗಿನಿಂದ ಹೊಸ ಟ್ಯಾಬ್ ತೆಗೆದು ನನ್ನ ಮುಂದಿಟ್ಟ.

"ಇನ್ನೂ ಆ ಡಬ್ಬಿ ಹೊತ್ಕೊಂಡ ಅಡ್ಡಾಡಾಕತ್ತೀರಿ ಮಾವಾರ? ನಮ್ಮ ಫ್ಯಾಕ್ಟರಿ ಗೇಟಿನ ವಾಚ್‌ಮನ್ನೂ ಟ್ಯಾಬ್ ಹಿಡದಾನ."

ನಾನು ಇನ್ನೂ ವಾಚ್‌ಮನ್ನಿನ ಮಟ್ಟಕ್ಕೆ ಏರಿಲ್ಲ ಎಂಬುದು ಹೀಗೆ ನನಗೆ ತಿಳಿಯಿತು. ನನಗೆ ಬೇಡ, ಕೈಗೆ ಒಗ್ಗುವುದಿಲ್ಲ ಎಂದೆ. ಹೆಂಡತಿ ಅಡುಗೆಮನೆಯಿಂದಲೇ ತೀರ್ಪು ಕೊಟ್ಟಳು: "ಅಳಿಯ ಪ್ರೀತಿಲೆ ತಂದಾನ. ಬ್ಯಾಡ ಅಂದ್ರ ಮಗಳಿಗಿ ಹೆಂಗ ಅನಸ್ತದ?" ಮೂವತ್ತು ವರ್ಷದ ಸಂಸಾರದಲ್ಲಿ ನಾನು ತಂದ ಯಾವ ವಸ್ತುವಿಗೂ ಈ ಮರ್ಯಾದೆ ಸಿಕ್ಕಿಲ್ಲ. ಲ್ಯಾಪ್‌ಟಾಪ್ ಅಲಮಾರಿಯ ಮೇಲೇರಿತು, ನಾನು ಟ್ಯಾಬ್ ಹಿಡಿದು ಮರದ ಕೆಳಗೆ ಹೋದೆ.

ಟ್ಯಾಬಿನ ಗುಣಗಳನ್ನು ಮುಚ್ಚಿಡುವುದಿಲ್ಲ. ಹಗುರ. ಬಿಸಿಯಾಗುವುದಿಲ್ಲ. ಅಕ್ಷರ ಚಂದ. ಬಿಸಿಲಿಗೆ ಹಿಡಿದರೆ ಅದರಲ್ಲಿ ನನ್ನ ಮುಖ ಎಷ್ಟು ಸ್ಪಷ್ಟವಾಗಿ ಕಾಣುತ್ತಿತ್ತೆಂದರೆ ಅದನ್ನು ನೋಡಿಕೊಂಡು ಗಡ್ಡ ಮಾಡಿಕೊಳ್ಳಬಹುದಿತ್ತು. ಬರೆದದ್ದು ಮಾತ್ರ ಕಾಣುತ್ತಿರಲಿಲ್ಲ. ಹತ್ತು ಬೆರಳಿನಿಂದ ಬಡಿಯುತ್ತಿದ್ದವನು ಒಂದೇ ಬೆರಳಿನಿಂದ, ಕಾಳು ಹೆಕ್ಕುವ ಕೋಳಿಯ ಹಾಗೆ, ಕುಕ್ಕತೊಡಗಿದೆ. ಬಂದವರಿಗೂ ನನ್ನ ಮೇಲಿನ ನಂಬಿಕೆ ಕಡಿಮೆಯಾಯಿತು. ಟೈಪ್‌ರೈಟರ್ ಇದ್ದಾಗ ಕಟಕಟ ಸದ್ದಿಗೇ ಅರ್ಧ ಸಮಾಧಾನ ಆಗುತ್ತಿತ್ತು. ಲ್ಯಾಪ್‌ಟಾಪಿಗೂ ಸ್ವಲ್ಪ ಸದ್ದಿತ್ತು. ಈಗ ಸುರಪುರದ ಕಡೆಯ ಒಬ್ಬ ಮುದುಕ ಎದುರಿಗೆ ಐದು ನಿಮಿಷ ಕುಳಿತು, ಕೊನೆಗೆ ಮೆತ್ತಗೆ ಕೇಳಿದ: "ನನ್ನ ಅರ್ಜಿ ಬರಿಯಾಕತ್ತೀರೋ, ಪಿಚ್ಚರ್ ನೋಡಾಕತ್ತೀರೋ ಸಾಹೇಬ್ರ?"

ಎರಡು ಅಕ್ಷರ ಒತ್ತಿದರೆ ಉಳಿದದ್ದನ್ನು ತಾನೇ ಮುಂದಿಡುವ ವಿದ್ಯೆಯೂ ಅದಕ್ಕೆ ಗೊತ್ತಿತ್ತು. ವಾರದಲ್ಲಿ ನನ್ನ ಸರ್ಕಾರಿ ಕನ್ನಡವನ್ನೆಲ್ಲ ಕಲಿತುಬಿಟ್ಟಿತು. "ಸದ" ಎಂದರೆ "ಸದರಿ", "ವಿನಂ" ಎಂದರೆ "ವಿನಂತಿಸಿಕೊಳ್ಳುತ್ತೇನೆ". ಇಪ್ಪತ್ತಾರು ವರ್ಷದ ನನ್ನ ಪಾಂಡಿತ್ಯ ಏಳು ದಿನದ್ದು ಎಂದು ಗೊತ್ತಾದಾಗ ಸಂತೋಷಪಟ್ಟೆ ಎಂದು ಬರೆದರೆ ನೀವು ನಂಬಬಾರದು. ನನ್ನ ಹಳೆಯ ಪ್ರಿಂಟರ್ ಮಾತ್ರ ಈ ಹೊಸ ಸಂಬಂಧವನ್ನು ಒಪ್ಪಲಿಲ್ಲ. ಹಾಗಾಗಿ ಬರೆದದ್ದನ್ನು ಝೆರಾಕ್ಸ್ ಅಂಗಡಿಗೆ ಕಳಿಸಿ, ಅಲ್ಲಿ ತೆಗೆಸಿಕೊಂಡು ಬರಬೇಕಾಗುತ್ತಿತ್ತು.

ಲ್ಯಾಪ್‌ಟಾಪಿಗೆ ಇನ್ನೊಂದು ಗುಣವಿತ್ತು. ಅದು ಪಂಡಿತರ ಪಟ್ಟಿಯಲ್ಲಿ ಬರುವುದಿಲ್ಲ.

ನಮ್ಮ ಕಡೆ ತಂದೆ ತೀರಿಕೊಂಡ ಮೇಲೆ ಹೊಲ ಗಂಡುಮಕ್ಕಳ ಹೆಸರಿಗಷ್ಟೇ ಆಗಬೇಕಾದರೆ, ಹೆಣ್ಣುಮಕ್ಕಳು ನಮ್ಮದೇನೂ ತಕರಾರಿಲ್ಲ ಎಂದು ಬಾಂಡ್ ಪೇಪರಿನ ಮೇಲೆ ಒಪ್ಪಿಗೆ ಪತ್ರ ಬರೆದುಕೊಡಬೇಕು. ಕಾಯ್ದೆಯಲ್ಲಿ ಅವರಿಗೂ ಸಮಪಾಲು ಇದೆ. ಪದ್ಧತಿಯಲ್ಲಿ ಒಂದು ಸೀರೆ ಇದೆ. ಅಣ್ಣತಮ್ಮಂದಿರು ಹೊಸ ಸೀರೆ ಉಡಿಸಿ, ಚಹಾ ಕುಡಿಸಿ, ನನ್ನ ಮೇಜಿನ ಮುಂದೆ ತಂದು ಕೂರಿಸುತ್ತಾರೆ. ಕೆಲವು ಹೆಣ್ಣುಮಕ್ಕಳು ನಿಜವಾಗಿಯೂ ಮನಸಾರೆ ಬರೆದುಕೊಡುತ್ತಾರೆ, ತವರಿನ ಬಾಗಿಲು ತೆರೆದಿರಲಿ ಎಂದು. ಅದು ಅವರ ಇಷ್ಟ. ಆದರೆ ಹತ್ತು ಬೆರಳಿನಿಂದ ಟೈಪ್ ಮಾಡುವವನಿಗೆ ಕೀಲಿಗಳನ್ನು ನೋಡುವ ಕೆಲಸವಿರುವುದಿಲ್ಲ. ನಾನು ಎದುರಿಗಿದ್ದವರ ಮುಖ ನೋಡುತ್ತಲೇ ಬರೆಯುತ್ತಿದ್ದೆ. ಕೆಲವು ಮುಖಗಳು ಬೇಡ ಎನ್ನುತ್ತಿದ್ದವು. ಬಾಯಿ ಹೂಂ ಅಂದಿರುತ್ತಿತ್ತು, ಮುಖ ಅಂದಿರುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ನನ್ನ ಲ್ಯಾಪ್‌ಟಾಪ್ ಸಾಯುತ್ತಿತ್ತು. ಅದಕ್ಕೆ ನಾನು ಮೇಜಿನ ಕೆಳಗೆ ಕಾಲಿನಿಂದ ವೈರು ಎಳೆದರೆ ಸಾಕಿತ್ತು. "ಬ್ಯಾಟರಿ ಹೋತ್ರಿ. ಸೋಮವಾರ ಬರ್ರಿ" ಎನ್ನುತ್ತಿದ್ದೆ. ಇಟ್ಟಿಗೆಗೆ ಒರಗಿ ಕುಳಿತ ಆ ಯಂತ್ರವನ್ನು ನೋಡಿ ಯಾರೂ ಅನುಮಾನಪಡುತ್ತಿರಲಿಲ್ಲ. ಸೋಮವಾರ ಕೆಲವರು ಬರುತ್ತಿದ್ದರು, ಕೆಲವರು ಬರುತ್ತಿರಲಿಲ್ಲ. ಒಬ್ಬಾಕೆ ತಿಂಗಳಾದ ಮೇಲೆ ಒಬ್ಬಳೇ ಬಂದು, ತನ್ನ ಪಾಲು ತನಗೆ ಬೇಕೆಂದು ಅರ್ಜಿ ಬರೆಸಿಕೊಂಡು ಹೋದಳು. ಇದನ್ನು ಧೈರ್ಯ ಎಂದು ದಯವಿಟ್ಟು ತಿಳಿಯಬೇಡಿ. ಧೈರ್ಯವಿದ್ದವನು ಬಾಯಿ ತೆರೆದು ಹೇಳುತ್ತಾನೆ. ನಾನು ಕಾಲು ಆಡಿಸುತ್ತಿದ್ದೆ.

ಟ್ಯಾಬ್ ಬಂದು ಹತ್ತು ಹನ್ನೆರಡು ದಿನವಾಗಿರಬೇಕು. ವನದುರ್ಗದ ಕಡೆಯ ಅಣ್ಣತಮ್ಮ ಇಬ್ಬರು ತಮ್ಮ ಅಕ್ಕನನ್ನು ಕರೆದುಕೊಂಡು ಬಂದರು. ಆಕೆಯನ್ನು ತಿಂಥಣಿಗೆ ಕೊಟ್ಟಿದ್ದರು. ನಲವತ್ತೈದರ ಹತ್ತಿರದ ಹೆಂಗಸು, ಮೈಮೇಲೆ ಮಡಿಕೆಯ ಗೆರೆ ಇನ್ನೂ ಬಿಡದ ಹೊಸ ಸೀರೆ. ತಂದೆ ತೀರಿಕೊಂಡಿದ್ದರು. ಕಾಲುವೆ ನೀರು ಹರಿಯುವ ಆರು ಎಕರೆ ಇತ್ತು, ಅಂದರೆ ಆಕೆಯ ಪಾಲು ಎರಡು. ಅದನ್ನು ಬಿಟ್ಟುಕೊಡುವ ಪತ್ರ ಬೇಕಿತ್ತು.

ನಾನು ತಲೆ ತಗ್ಗಿಸಿ ಗಾಜು ಕುಕ್ಕುತ್ತಾ ಕುಳಿತೆ. ಸರ್ವೆ ನಂಬರು, ಚಕ್ಕುಬಂದಿ, ಹೆಸರುಗಳು. "ಸ್ವ" ಎಂದು ಒತ್ತಿದೆ. ಟ್ಯಾಬ್ ತಾನೇ "ಸ್ವಸಂತೋಷದಿಂದ" ಎಂದು ಮುಂದಿಟ್ಟಿತು. ಒತ್ತಿದೆ. ಹತ್ತು ನಿಮಿಷದಲ್ಲಿ ಮುಗಿಯಿತು. ಲ್ಯಾಪ್‌ಟಾಪಿನಲ್ಲಿ ಅರ್ಧ ಗಂಟೆಯ ಕೆಲಸ. ಖುಷಿಯಿಂದ ತಲೆ ಎತ್ತಿ ನೋಡಿದೆ, ಆಗ ಮೊದಲ ಸಲ ಆಕೆಯ ಮುಖ ಕಂಡಿತು. ಆಕೆ ತಮ್ಮಂದಿರನ್ನಾಗಲಿ ನನ್ನನ್ನಾಗಲಿ ನೋಡುತ್ತಿರಲಿಲ್ಲ. ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

ಅಭ್ಯಾಸ ನೋಡಿ, ನನ್ನ ಕಾಲು ಮೇಜಿನ ಕೆಳಗೆ ವೈರು ಹುಡುಕಿತು. ಅಲ್ಲಿ ವೈರು ಇರಲಿಲ್ಲ.

"ಬ್ಯಾಟರಿ ಕಡಿಮಿ ಆಗ್ಯಾದ್ರಿ" ಎಂದೆ.

ದೊಡ್ಡ ತಮ್ಮ ಬಗ್ಗಿ ಟ್ಯಾಬಿನ ಮೂಲೆ ನೋಡಿದ. "ತೊಂಬತ್ತೆರಡ ಪರ್ಸೆಂಟ್ ಅದಲ್ರಿ ಸಾಹೇಬ್ರ."

"ನೆಟ್‌ವರ್ಕೂ ಸರಿ ಇಲ್ಲ."

"ಅದೂ ಫುಲ್ ಅದ್ರಿ."

ಅಳಿಯನನ್ನು ನೆನೆದೆ. ಯಾವ ಭಾಷೆಯಲ್ಲಿ ನೆನೆದೆ ಎಂಬುದನ್ನು ಇಲ್ಲಿ ಬರೆಯುವಂತಿಲ್ಲ. ಬೇರೆ ದಾರಿ ಕಾಣದೆ ಪತ್ರವನ್ನು ಓದಿ ಹೇಳಿದೆ. ಸಹಿಗೆ ಮುಂಚೆ ಓದಿ ಹೇಳುವುದು ನಮ್ಮ ಕಸುಬಿನ ನೇಮ. "ಸದರಿ ಜಮೀನಿನಲ್ಲಿ ನನ್ನ ಹಿಸ್ಸೆಯನ್ನು ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ ಬಿಟ್ಟುಕೊಟ್ಟಿರುತ್ತೇನೆ" ಎಂಬಲ್ಲಿಗೆ ಬಂದಾಗ ಆಕೆ ತಲೆ ಎತ್ತಿದಳು.

"ಅಷ್ಟೆಲ್ಲ ನಾ ಹೇಳಿಲ್ಲಲ್ರಿ ಅಣ್ಣಾರ."

"ಅದು ಎಲ್ಲಾ ಪತ್ರದಾಗೂ ಇರ್ತದ ತಂಗಿ" ಎಂದೆ. ಸುಳ್ಳಲ್ಲ. ಎಲ್ಲಾ ಪತ್ರದಲ್ಲೂ ಇರುತ್ತದೆ, ನಾನೇ ಬರೆದಿದ್ದೇನೆ.

ಪತ್ರವನ್ನು ಝೆರಾಕ್ಸ್ ಅಂಗಡಿಗೆ ಕಳಿಸಿದೆ. ಸಣ್ಣ ತಮ್ಮ ಬಾಂಡ್ ಪೇಪರ್ ಹಿಡಿದು ಪ್ರಿಂಟಿಗೆ ಹೋದ. ನೋಟರಿ ಬಂದಿದ್ದಾರೋ ನೋಡಿ ಬರುತ್ತೇನೆಂದು ದೊಡ್ಡವನು ಆಚೆ ಹೋದ. ಆಕೆಗೆ ಓದುಬರಹ ಬರುತ್ತಿರಲಿಲ್ಲ, ಅದಕ್ಕೆ ನಾನು ಮಸಿಯ ಪ್ಯಾಡ್ ತೆರೆದಿಟ್ಟು, ನೀರಿನ ಬಾಟಲಿ ತೆಗೆದುಕೊಳ್ಳಲು ಹಿಂದೆ ತಿರುಗಿದೆ. ಮತ್ತೆ ಈ ಕಡೆ ತಿರುಗುವಷ್ಟರಲ್ಲಿ ಆಕೆ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು, ಟ್ಯಾಬಿನ ಗಾಜಿನ ಮೇಲೆ, ತನ್ನ ಪತ್ರದ ನಡುಮಧ್ಯೆ, ಗಟ್ಟಿಯಾಗಿ ಒತ್ತಿ ಹಿಡಿದಿದ್ದಳು.

"ಏನ್ ಮಾಡಿದ್ರಿ ತಂಗಿ?"

"ರೇಶನ್ ಅಂಗಡ್ಯಾಗ ಹಿಂಗ ಗಾಜಿನ ಮ್ಯಾಲ ಒತ್ತತೀವಲ್ರಿ" ಎಂದಳು. "ಆತಲ್ರಿ? ಮುಗೀತಲ್ಲ?"

ಆಕೆಯ ಕಣ್ಣು ತುಂಬಿತ್ತು. ಎರಡು ಎಕರೆ ಹೋಯಿತು ಎಂದೇ ಆಕೆ ತಿಳಿದಿದ್ದಳು. ಅಷ್ಟರಲ್ಲಿ ತಮ್ಮಂದಿರು ಇಬ್ಬರೂ ಬಂದರು. ಮಸಿಯಾದ ಟ್ಯಾಬ್ ನೋಡಿ ದೊಡ್ಡವನಿಗೆ ನಗು ಬಂತು.

"ಗಾಜಿಗಿ ಒತ್ತಿದ್ರ ಆಗ್ತದೇನ ಯಕ್ಕ? ತಗೋ, ಈ ಪೇಪರಿನ ಮ್ಯಾಲ ಒತ್ತು."

ಆಕೆ ಪೇಪರ್ ಮುಟ್ಟಲಿಲ್ಲ. ನನ್ನ ಕಡೆ ನೋಡಿದಳು. "ಹಂಗಾರ ನಾ ಇನ್ನೂ ಕೊಟ್ಟಿಲ್ಲೇನ್ರಿ?"

"ಇಲ್ಲ" ಎಂದೆ.

"ಕೊಡಲೇಬೇಕೇನ್ರಿ ಅಣ್ಣಾರ?"

ಇಪ್ಪತ್ತಾರು ವರ್ಷದಲ್ಲಿ ಯಾವ ಹೆಣ್ಣುಮಗಳೂ ನನ್ನನ್ನು ನೇರವಾಗಿ ಕೇಳದ ಪ್ರಶ್ನೆ. ಕೇಳುವ ಮುಂಚೆಯೇ ನಾನು ವೈರು ಎಳೆದುಬಿಡುತ್ತಿದ್ದೆನಲ್ಲ. ಈಗ ಟ್ಯಾಬ್ ಅಲ್ಲೇ ಬೆಳಗುತ್ತಾ ಕುಳಿತಿತ್ತು, ಅದರ ಮೈಗೆ ಯಾವ ರೋಗವೂ ಇರಲಿಲ್ಲ. ಇಬ್ಬರು ತಮ್ಮಂದಿರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಹೆದರಿಕೆ ಆಯಿತು. ನಾಳೆಯೂ ಇದೇ ಮರದ ಕೆಳಗೆ ಕೂರಬೇಕಾದವನು ನಾನು.

"ಕೊಡಬೇಕಂತೇನಿಲ್ಲ" ಎಂದೆ. "ಅದರಾಗ ನಿಮ್ದೂ ಪಾಲದ. ಮನಸಿದ್ರ ಒತ್ರಿ, ಇಲ್ಲಂದ್ರ ಇಲ್ಲ. ಯಾರೂ ಒತ್ತಸಾಕ ಬರಂಗಿಲ್ಲ."

ದೊಡ್ಡ ತಮ್ಮ ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ಮೇಜಿನ ಮೇಲೆ ಎರಡೂ ಕೈ ಊರಿ, ಬಹಳ ಶಾಂತವಾಗಿ ಕೇಳಿದ: "ನೀವು ನಿಮ್ಮ ತಂಗಿಗಿ ಎಷ್ಟ ಎಕರೆ ಕೊಟ್ಟೀರಿ ಸಾಹೇಬ್ರ?"

ಅವನಿಗೆ ನನ್ನ ಮನೆಯ ವಿಷಯ ಗೊತ್ತಿರಲಿಲ್ಲ. ಸುಮ್ಮನೆ ಕೇಳಿದ್ದ. ನಾನು ಟ್ಯಾಬಿನ ಮೇಲಿನ ಮಸಿ ಒರೆಸತೊಡಗಿದೆ.

ಆಕೆ ಹೆಬ್ಬೆಟ್ಟಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು ಎದ್ದಳು. "ಬರ್ತೀನ್ರಿ" ಎಂದು ನನಗೆ ಹೇಳಿ, ತಮ್ಮಂದಿರಿಗೆ ಏನೂ ಹೇಳದೆ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಪೇಪರಿನಲ್ಲಿ ಹೆಬ್ಬೆಟ್ಟಿನ ಜಾಗ ಖಾಲಿ ಉಳಿಯಿತು. ದೊಡ್ಡವನು ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. ಅದಾದ ಮೇಲೆ ವನದುರ್ಗದ ಕಡೆಯ ಜನ ನನ್ನ ಮೇಜು ದಾಟಿ ಮುಂದೆ ಕೂರುವ ಇನ್ನೊಬ್ಬ ಅರ್ಜಿ ಬರೆಯುವವನ ಹತ್ತಿರ ಹೋಗುತ್ತಿದ್ದಾರೆ. ಅವನ ಹತ್ತಿರ ಒಳ್ಳೆಯ ಲ್ಯಾಪ್‌ಟಾಪ್ ಇದೆ.

ಟ್ಯಾಬ್ ಹೇಗಿದೆ ಎಂದು ಅಳಿಯ ಫೋನಿನಲ್ಲಿ ಕೇಳಿದ. ಬಹಳ ಛಲೋ ಇದೆ ಎಂದೆ. ಲ್ಯಾಪ್‌ಟಾಪ್ ಮಾಡುವ ಕೆಲಸವನ್ನೆಲ್ಲ ಅದು ಮಾಡುತ್ತದೆ, ಒಂದನ್ನು ಬಿಟ್ಟು. ಆ ಒಂದನ್ನು ನಾವೇ ಬಾಯಿಂದ ಮಾಡಬೇಕು.

ನನ್ನ ತಂಗಿ ಸುರಪುರದಲ್ಲಿದ್ದಾಳೆ. ಒಂಬತ್ತು ವರ್ಷದ ಹಿಂದೆ ನಮ್ಮಪ್ಪ ತೀರಿಕೊಂಡಾಗ ಅವಳೂ ಒಂದು ಒಪ್ಪಿಗೆ ಪತ್ರ ಕೊಟ್ಟಳು. ಬರೆದವನು ನಾನೇ, ಇದೇ ಮರದ ಕೆಳಗೆ. ಓದಿ ಹೇಳುತ್ತೇನೆ ಎಂದು ಹೊರಟಾಗ ಅವಳು ಪೆನ್ನು ಕಸಿದುಕೊಂಡು, "ಅಣ್ಣ ಬರದಾನ ಅಂದ ಮ್ಯಾಲ ಓದೂದೇನದ" ಎಂದು ನಗುತ್ತಾ ಸಹಿ ಮಾಡಿದಳು. ನಾನೂ ನಕ್ಕೆ, ಮಡಿಚಿ ಇಟ್ಟುಕೊಂಡೆ.

ಈ ಭಾನುವಾರ ಅವಳ ಮನೆಗೆ ಹೋಗಿ, ಎದುರಿಗೆ ಕುಳಿತು, ಆ ಪತ್ರವನ್ನು ಮೊದಲಿನಿಂದ ಕೊನೆಯವರೆಗೂ ಓದಿ ಹೇಳಬೇಕು ಎಂದುಕೊಂಡೆ. ಶಹಾಪುರದಿಂದ ಸುರಪುರಕ್ಕೆ ಬಸ್ಸುಗಳಿಗೇನೂ ಕೊರತೆಯಿಲ್ಲ. ಹಾಗೆ ಅಂದುಕೊಂಡು ಮೂರು ಭಾನುವಾರ ಕಳೆದವು.