ಅಪ್ಪಂದಿರ ಬೆಂಚು

ಮುಖ್ಯಾಧ್ಯಾಪಕ ವಿಶ್ವನಾಥಪ್ಪನವರಿಗೆ ನಾಶಿಕದ ಕನ್ನಡ ಶಾಲೆಯ ಆಡಳಿತ ಮಂಡಳಿ ಕೊನೆಯ ನಾಲ್ಕು ತಿಂಗಳ ಪಗಾರ ಇನ್ನೂ ಕೊಟ್ಟಿಲ್ಲ. ಕೇಳಿದರೆ, ಆ ನಾಲ್ಕು ತಿಂಗಳು ಅವರು ಮಕ್ಕಳಿಗೆ ಕಲಿಸಲಿಲ್ಲ, ದೊಡ್ಡವರಿಗೆ ಕಲಿಸಿದರು, ದೊಡ್ಡವರಿಗೆ ಕಲಿಸಿದ್ದಕ್ಕೆ ನಮ್ಮ ನಿಯಮದಲ್ಲಿ ಪಗಾರವಿಲ್ಲ ಎನ್ನುತ್ತಾರೆ.

ವಿಶ್ವನಾಥಪ್ಪ ಬೀದರ ಕಡೆಯ ಭಾಲ್ಕಿಯವರು. ಬಿಳಿ ಧೋತರ, ಕರಿ ಟೋಪಿ, ಎಲೆಯಡಿಕೆ ತುಂಬಿದ ಬಾಯಿ. ಶಾಲೆ ನಡೆಯುತ್ತಿದ್ದುದು ರವಿವಾರ ಕಾರಂಜಾ ಎಂಬ ಚೌಕದ ಹಿಂದಿನ ಗಲ್ಲಿಯ ಒಂದು ಬಾಡಿಗೆ ವಾಡೆಯ ಮಹಡಿಯಲ್ಲಿ. ಕೆಳಗೆ ಒಣಮೆಣಸಿನಕಾಯಿಯ ಗೋದಾಮು. ನಮ್ಮ ಮಕ್ಕಳು ಸೀನುತ್ತಲೇ ಮಗ್ಗಿ ಕಲಿತರು. ಓಝರದ ವಿಮಾನ ಕಾರ್ಖಾನೆಗೆ ಬಸ್ಸಿನಲ್ಲಿ ಹೋಗಿಬರುವ ಮೈಸೂರು ಕಡೆಯವರ ಮಕ್ಕಳು ಅರ್ಧ, ಬೀದರ–ಗುಲಬರ್ಗಾದ ಅಂಗಡಿಕಾರರ ಮಕ್ಕಳು ಅರ್ಧ. ಮನೆಯಲ್ಲಿ ತಾಯಿ ಕನ್ನಡದಲ್ಲಿ ಬೈದರೆ ಅವು ಮರಾಠಿಯಲ್ಲಿ ಎದುರಾಡುತ್ತಿದ್ದವು.

೧೯೭೨ರ ಜೂನಿನಲ್ಲಿ ಹೊಸ ಮುಖ್ಯಾಧ್ಯಾಪಕರು ಪಾಲಕರ ಸಭೆ ಕರೆದರು. ಶಿಸ್ತು, ಸ್ವಚ್ಛತೆ, ದೇಶಭಕ್ತಿ ಎಂದು ಏನೋ ಹೇಳಿ ಚಹಾ ಕುಡಿಸಿ ಕಳಿಸುತ್ತಾರೆ ಎಂದುಕೊಂಡು ಹೋದೆವು.

“ಈ ವರ್ಷ ನಾ ಯಾ ಹುಡುಗನ್ನೂ ಬೆಂಚಿನ ಮ್ಯಾಲ ನಿಲ್ಲಸಂಗಿಲ್ಲ,” ಎಂದರು ವಿಶ್ವನಾಥಪ್ಪ. “ಅಭ್ಯಾಸ ಮಾಡಲಾರದೆ ಬಂದ ಹುಡುಗನ ಅಪ್ಪನ್ನ ನಿಲ್ಲಸ್ತೀನಿ. ಹುಡುಗನ ಕಾಲು ಎಳೇವು. ನಿಮ್ಮವು ಗಟ್ಟಿ ಅವ. ಸಂಜಿಗಿ ಬಂದು ನಿಲ್ಲಬೇಕು, ಅಂದಿನ ಪಾಠ ಕೇಳಬೇಕು, ಕೇಳಿದ್ದಕ್ಕ ಜವಾಬು ಕೊಟ್ಟು ಇಳೀಬೇಕು. ವರ್ಷದ ಕೊನಿಗಿ ಹುಡುಗಗೂ ಪರೀಕ್ಷಾ, ಅಪ್ಪಗೂ ಪರೀಕ್ಷಾ.”

ಓಝರದ ಮೆಕ್ಯಾನಿಕ್ ಕೇಶವಮೂರ್ತಿ ಎದ್ದು ನಿಂತ. “ಸಾರ್, ತಾಯಂದ್ರು?”

“ಅವರು ಮನ್ಯಾಗ ನಿಂತೇ ಇರತಾರ. ಇಲ್ಲಿ ಬ್ಯಾರೆ ಯಾಕ?”

ಹಿಂದಿನ ಸಾಲಿನಿಂದ ತರಕಾರಿ ಮಾರುವ ರುಕ್ಮಿಣಿಬಾಯಿ ಕೇಳಿದಳು: “ನನ್ನ ಗಂಡ ಸತ್ತಾನ್ರಿ. ಅಂವನ ಪಾಳಿ ಯಾರ್ದು?”

“ನೀವು ನಿಲ್ಲಬ್ಯಾಡ್ರಿ ಬಾಯಿ.”

“ಯಾಕ? ಅಂವ ಇದ್ದಾಗೂ ಎಲ್ಲಾದರಾಗೂ ನಾನೇ ನಿಂತೀನಿ.”

ಹೀಗೆ ಅಪ್ಪಂದಿರ ಬೆಂಚಿಗೆ ಒಬ್ಬ ತಾಯಿಯೂ ಸೇರಿದಳು.

ಮೊದಲ ವಾರ ನಾಚಿಕೆ. ಆಮೇಲೆ ರೂಢಿಯಾಯಿತು. ಬೆಂಚೆಂದರೆ ಸರಸ್ವತಿ ಎಂದು ಎಲ್ಲರೂ ಚಪ್ಪಲಿ ಬಿಟ್ಟು ಹತ್ತುತ್ತಿದ್ದರು. ಕಾರ್ಖಾನೆಯವರು ಬೂಟು ಬಿಚ್ಚಿದರೆ ಕೆಳಗಿನ ಮೆಣಸಿನಕಾಯಿಯ ವಾಸನೆಯೂ ಸೋಲುತ್ತಿತ್ತು. ಶಾಲೆಯೊಳಗೆ ಮರಾಠಿ, ಹಿಂದಿ ಕೂಡದು, ಶಿಕ್ಷೆಯಲ್ಲಿದ್ದವರಿಗಂತೂ ಕೂಡಲೇಕೂಡದು. ಹಾಗಾಗಿ ಎಷ್ಟೋ ವರ್ಷದಿಂದ ಒಂದೇ ಗಲ್ಲಿಯಲ್ಲಿದ್ದು ಹಿಂದಿಯಲ್ಲೇ ವ್ಯವಹರಿಸುತ್ತಿದ್ದ ಮೈಸೂರಿನವನೂ ಬೀದರದವನೂ ಬೆಂಚಿನ ಮೇಲೆ ಮೊದಲ ಸಲ ಕನ್ನಡದಲ್ಲಿ ಮಾತಾಡಿದರು. ಮಕ್ಕಳು ಕೆಳಗೆ ಕೂತು ಕಿವಿಗೊಟ್ಟು ಕೇಳುತ್ತಿದ್ದವು. ಕೆಲವು ಮಕ್ಕಳು ಬೇಕೆಂದೇ ಅಭ್ಯಾಸ ಬಿಟ್ಟು ಬರತೊಡಗಿದವು, ಯಾಕೆಂದರೆ ಅಪ್ಪ ಕಣ್ಣಿಗೆ ಬೀಳುತ್ತಿದ್ದುದು ಅಲ್ಲಿ ಮಾತ್ರ. ಜಾಣ ಹುಡುಗಿಯೊಬ್ಬಳು ಅಳುತ್ತ ಬಂದು, ನಮ್ಮಪ್ಪನ್ನ ಯಾಕ ಕರೆಯಂಗಿಲ್ಲ, ನಾ ಏನು ತಪ್ಪು ಮಾಡೀನಿ ಎಂದು ಕೇಳಿದಳು. ಮರುದಿನ ಅವಳಪ್ಪನನ್ನೂ ನಿಲ್ಲಿಸಿದರು.

ಮಂಡಳಿಯ ಅಧ್ಯಕ್ಷ ಮುದ್ದಣ್ಣ ಬಟ್ಟೆ ವ್ಯಾಪಾರಿ. ಮಗ ಆರನೇ ಇಯತ್ತೆಯಲ್ಲಿದ್ದ, ಪುಸ್ತಕವನ್ನು ಮುಟ್ಟಿದರೆ ಮೈಲಿಗೆಯಾಗುತ್ತದೆ ಎನ್ನುವ ಹಾಗೆ ಇದ್ದ. ಕರೆ ಬಂದಾಗ ಮುದ್ದಣ್ಣ ಅಂಗಡಿಯ ಗುಮಾಸ್ತ ವೈಜನಾಥನನ್ನು ಕಳಿಸಿದ. “ಸಾವ್ಕಾರ್ರು ಪಗಾರ ಕೊಡ್ತಾರ್ರಿ, ನಿಲ್ಲಂದಲ್ಲಿ ನಿಲ್ತೀನಿ,” ಎಂದು ಅವನು ಬೆಂಚು ಹತ್ತಿದ. ವಿಶ್ವನಾಥಪ್ಪ ಅವನನ್ನು ಒಮ್ಮೆ ನೋಡಿದರು, ಎಲೆಯಡಿಕೆ ಉಗುಳಿ ಬಂದರು, ಪಾಠ ಶುರುಮಾಡಿದರು. ಮಗ ದಿನಾಲೂ ಅಭ್ಯಾಸ ಬಿಟ್ಟ, ವೈಜನಾಥ ದಿನಾಲೂ ನಿಂತ. ನಿಂತಲ್ಲೇ ನಿದ್ದೆ ಮಾಡುವ ಕಲೆಯೂ ಅವನಿಗೆ ಬಂತು.

ಮುಂದಿನ ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿಯಿತು. ಅಧ್ಯಕ್ಷರ ಮಗ ನಪಾಸು. ಅಪ್ಪನ ಜಾಗದಲ್ಲಿ ಪರೀಕ್ಷೆ ಕೊಟ್ಟ ವೈಜನಾಥ ಹೇಗೋ ತೇಲಿಕೊಂಡು ಪಾಸು.

ಮುದ್ದಣ್ಣ ಮಹಡಿ ಹತ್ತಿ ಬಂದ. “ಮಾಸ್ತರ್ರೇ, ನಮ್ಮ ಗುಮಾಸ್ತ ನಿಂತಿದ್ದು ನಮ್ಮ ಹುಡುಗನ ಸಲುವಾಗಿ. ಅಂವನ ಪಾಸು ನಮ್ಮ ಹುಡುಗಂದೇ.”

“ನಿಮ್ಮ ಊಟ ಅಂವ ಉಂಡರ ನಿಮ್ಮ ಹೊಟ್ಟಿ ತುಂಬತದೇನ್ರಿ?”

“ಹುಡುಗನ್ನ ಏಳನೇದಕ್ಕ ಹಾಕ್ರಿ. ಇಲ್ಲಂದ್ರ ನಾಳಿಂದ ನೀವು ಬರಬ್ಯಾಡ್ರಿ.”

“ಏಳನೇದಕ್ಕ ವೈಜನಾಥನ್ನ ಕಳಸ್ರಿ. ಅಂವ ಪಾಸಾಗ್ಯಾನ.”

ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ವೈಜನಾಥ ಬಾಯಿ ಹಾಕಿದ: “ಸಾವ್ಕಾರ್ರೇ, ಆರನೇದು ಪಾಸಾದವಗ ಅಂಗಡ್ಯಾಗ ಪಗಾರ ಹೆಚ್ಚು ಅಂತ ನೀವೇ ಅಂತಿದ್ದ್ರಿ.”

ಮರುದಿನ ಇಬ್ಬರ ಕೆಲಸವೂ ಹೋಯಿತು.

ನಾವು ಸುಮ್ಮನಿರಲಿಲ್ಲ. ಮೆರವಣಿಗೆ, ಘೋಷಣೆ ಎಲ್ಲ ಗೊತ್ತಿದ್ದವರೇ, ಆದರೆ ಒಂದು ವರ್ಷದಲ್ಲಿ ಬೇರೊಂದು ಅಭ್ಯಾಸ ಬಿದ್ದಿತ್ತು. ಶಾಲೆಯ ಬೆಂಚುಗಳನ್ನು ಹೊತ್ತು ತಂದು ಮುದ್ದಣ್ಣನ ಅಂಗಡಿಯ ಮುಂದೆ ಸಾಲಾಗಿ ಇಟ್ಟು, ಚಪ್ಪಲಿ ಬಿಟ್ಟು, ಹತ್ತಿ ನಿಂತೆವು.

ಹವಾಲ್ದಾರ ಬಂದು ಮರಾಠಿಯಲ್ಲಿ ಕೇಳಿದ, ಏನಿದು ಗುನ್ಹೆ?

“ಗುನ್ಹೆ ಅಲ್ಲ ಸಾಹೇಬ್ರೆ, ಶಿಕ್ಷೆ,” ಎಂದ ಕೇಶವಮೂರ್ತಿ. “ಆಗ್ಲೇ ಅನುಭವಿಸ್ತಾ ಇದ್ದೀವಿ. ನೀವು ಬೇರೆ ಕೊಡೋದೇನೂ ಉಳಿದಿಲ್ಲ.”

ಹವಾಲ್ದಾರ ಲಾಠಿ ತುದಿಯಿಂದ ಬೆನ್ನು ಕೆರೆದುಕೊಂಡ. ತನ್ನ ಮಗನೂ ಗಣಿತದಲ್ಲಿ ನಪಾಸಾಗಿದ್ದಾನೆ, ಮರಾಠಿಯವರಿಗೆ ಜಾಗ ಉಂಟೇ ಎಂದು ವಿಚಾರಿಸಿ, ಉತ್ತರ ಸಿಗುವ ಮೊದಲೇ ಡ್ಯೂಟಿ ನೆನಪಾಗಿ ಹೋದ.

ಮುಂದೆ ಆದದ್ದನ್ನು ಹೇಳಲು ನಾಲಿಗೆ ಕಹಿಯಾಗುತ್ತದೆ. ಅದು ಬರದ ವರ್ಷ. ಜೋಳಕ್ಕೆ ಸಾಲು, ಸೀಮೆಎಣ್ಣೆಗೆ ಸಾಲು. ಎಲ್ಲಿ ನಾಲ್ಕು ಜನ ನಿಂತರೂ ಐದನೆಯವನು ಹಿಂದೆ ಬಂದು ನಿಲ್ಲುತ್ತಿದ್ದ. ಬಟ್ಟೆ ಅಂಗಡಿಯ ಮುಂದೆ ಇಷ್ಟು ಜನ ಬೆಂಚು ಹತ್ತಿ ನಿಂತಿದ್ದಾರೆಂದರೆ ಸರಕಾರಿ ದರದ ಅಗ್ಗದ ಕಂಟ್ರೋಲ್ ಬಟ್ಟೆ ಬಂದಿರಲೇಬೇಕು ಎಂದು ಪಂಚವಟಿಯವರೆಗೂ ಸುದ್ದಿ ಹೋಯಿತು. ನಮ್ಮ ಹಿಂದೆ ಸಾಲು ಗಲ್ಲಿ ದಾಟಿತು. ಅಗ್ಗದ್ದು ಇಲ್ಲವೆಂದು ಗೊತ್ತಾದವರು, ಇಷ್ಟು ಹೊತ್ತು ನಿಂತದ್ದು ದಂಡವಾಗಬಾರದೆಂದು ದುಬಾರಿಯದನ್ನೇ ಕೊಂಡರು. ಮುದ್ದಣ್ಣ ನಮಗೆ ಚಹಾ ಕಳಿಸಿದ, ಮತ್ತೆ ನಾಳೆಯೂ ಬನ್ನಿ ಎಂದ. ಎಷ್ಟೋ ಚಳವಳಿಗಳಲ್ಲಿ ಪೆಟ್ಟು ತಿಂದಿದ್ದೇನೆ, ಶತ್ರುವಿಗೆ ಗಿರಾಕಿ ತಂದುಕೊಟ್ಟದ್ದು ಅಲ್ಲಿ ಮಾತ್ರ.

ಸಂಜೆ ವಿಶ್ವನಾಥಪ್ಪ ಗಂಟುಮೂಟೆ ಸಮೇತ ಬಂದರು. ಔರಂಗಾಬಾದಿನ ರೈಲಿಗೆ ಹೊರಟಿದ್ದರು.

“ಇಳೀರಿ,” ಎಂದರು. “ನನ್ನ ಸಲುವಾಗಿ ನಿಲ್ಲರಿ ಅಂತ ಯಾರು ಹೇಳ್ಯಾರ? ಮನಿಗಿ ಹೋಗಿ ಮಕ್ಕಳ ಅಭ್ಯಾಸ ನೋಡ್ರಿ.”

ರುಕ್ಮಿಣಿಬಾಯಿ ಮಾತ್ರ ಕೇಳಿದಳು: “ಜವಾಬು ಕೊಡಲಾರದೆ ಇಳೀಲೇನ್ರಿ?”

ಅವರು ಅಲ್ಲೇ ಬೀದಿಯಲ್ಲಿ ಅವಳಿಗೆ ಹನ್ನೆರಡರ ಮಗ್ಗಿ ಕೇಳಿದರು. ಅವಳು ಎರಡು ಕಡೆ ತಪ್ಪಿದಳು. ತಿದ್ದಿದರು, ಇಳಿಸಿದರು, ಹೋದರು.

ಹೊಸದಾಗಿ ಬಂದ ಮುಖ್ಯಾಧ್ಯಾಪಕರು ಅಧ್ಯಕ್ಷರ ಮಗನನ್ನು ಏಳನೇದಕ್ಕೆ ಹಾಕಿದರು. ಪಾಲಕರು ಪ್ರಗತಿಪತ್ರಕ್ಕೆ ಸಹಿ ಹಾಕಿದರೆ ಸಾಕು ಎಂದರು. ನಾವು ನೆಮ್ಮದಿಯಿಂದ ಸಹಿ ಹಾಕಿದೆವು. ಮಕ್ಕಳು ಮತ್ತೆ ಮರಾಠಿಯಲ್ಲೇ ಎದುರಾಡತೊಡಗಿದವು. ವಿಶ್ವನಾಥಪ್ಪ ಔರಂಗಾಬಾದಿನಲ್ಲಿ ಬೀದರದವರ ನಾಲ್ಕಾರು ಮನೆಗಳ ಮಕ್ಕಳಿಗೆ ಪಾಠ ಹೇಳುತ್ತಾರೆ. ಅಲ್ಲಿ ಮನೆಗಳು ಚಿಕ್ಕವು, ಬೆಂಚಿಲ್ಲ, ಅಪ್ಪಂದಿರನ್ನು ಜೋಳದ ಚೀಲದ ಮೇಲೆ ನಿಲ್ಲಿಸುತ್ತಾರಂತೆ.

ಓದುವವರೇ, ನಿಮ್ಮ ಮಗುವಿನ ಶಾಲೆ ನಿಮ್ಮನ್ನೂ ಕರೆದೀತು. ಅಂಗಡಿಯ ಆಳನ್ನು, ಆಫೀಸಿನ ಜವಾನನನ್ನು, ಹೆಂಡತಿಯನ್ನು ಕಳಿಸಬೇಡಿ. ಅಂಗಡಿ ಬಾಗಿಲು ಹಾಕಿ ನೀವೇ ಹೋಗಿ, ನಿಲ್ಲಿ ಎಂದರೆ ನಿಲ್ಲಿ.