ಆರಿಸಿದ್ದೆ ಎಂದವರು

ಆದೋನಿಯ ಹತ್ತಿ ವ್ಯಾಪಾರಿ ಮರಿಬಸಪ್ಪನವರ ಹೆಂಡತಿ ಅಕ್ಕನಾಗಮ್ಮ. ಮದುವೆಯಾಗಿ ಬಂದ ವರ್ಷವೇ, ನಡುಕೋಣೆಯಲ್ಲಿ ಸ್ಟೂಲು ಹತ್ತಿ ಬಲ್ಬಿನ ಹೋಲ್ಡರ್ ಒರೆಸುವಾಗ ಅವರಿಗೆ ಶಾಕ್ ಹೊಡೆಯಿತು. ಕೆಳಗೆ ಬಿದ್ದು ಬಲಗೈ ಮುರಿಯಿತು. ಸ್ವಿಚ್ಚು ಆರಿಸಿಯೇ ಹತ್ತಿದ್ದೆ ಎಂದರೆ ಯಾರೂ ನಂಬಲಿಲ್ಲ. ಆರಿಸಿದ್ದರೆ ಹೇಗೆ ಹೊಡೆಯುತ್ತದೆ ಎಂದು ಅತ್ತೆ ಶಂಕರಮ್ಮ ಕೇಳಿದರು. ಗಂಡನೂ ಅದನ್ನೇ ಅಂದರು. ಆಮೇಲೆ ಮನೆಯಲ್ಲಿ ಏನು ಕಳೆದರೂ, ಏನು ಉಕ್ಕಿದರೂ ಎಲ್ಲರೂ ಅವರ ಕಡೆಗೇ ನೋಡುವುದು ರೂಢಿಯಾಯಿತು. ಬರಬರುತ್ತಾ ಅವರಿಗೇ ತಮ್ಮ ಮೇಲೆ ಅನುಮಾನ ಹುಟ್ಟಿತು. ಬೀಗ ಹಾಕಿದರೆ ಮೂರು ಸಲ ಜಗ್ಗಿ ನೋಡುತ್ತಿದ್ದರು.

ಹೀಗೇ ನಲವತ್ತೊಂದು ವರ್ಷ ಕಳೆಯಿತು. ಕಿರಿಯ ಮಗ ವಾಗೀಶನಿಗೆ ಮದುವೆ ಗೊತ್ತಾಗಿ, ಹೊಸ ಸೊಸೆ ಚಂದನಾಳಿಗೆ ಅದೇ ಕೋಣೆ ಎಂದು ತೀರ್ಮಾನವಾಯಿತು. ಹಳೆಯ ವೈರಿಂಗ್ ಬದಲಿಸಲು ಪೆದ್ದಕಡುಬೂರಿನ ಹೊನ್ನೂರಪ್ಪ ಬಂದ. ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲುಗಳಲ್ಲಿ ಕೆಲಸ ಕಲಿತವನು, ಮಾತು ಕಡಿಮೆ. ಸ್ವಿಚ್ಚು ಆರಿಸಿ ಹೋಲ್ಡರಿಗೆ ಟೆಸ್ಟರ್ ಇಟ್ಟ, ಕರೆಂಟ್ ಇದೆ ಎಂದು ಅದರ ದೀಪ ಹೊತ್ತಿತು. ಮೇನ್ ಸ್ವಿಚ್ಚು ಆರಿಸಿ, ಗೋಡೆಯ ಮರದ ಪಟ್ಟಿ ಬಿಚ್ಚಿ ವೈರಿನ ಜಾಡು ಹಿಡಿದು ನೋಡಿದ. ಈ ಕೋಣೆಯಲ್ಲಿ ಯಾರಿಗಾದರೂ ಶಾಕ್ ಹೊಡೆದಿತ್ತೇ ಎಂದು ಕೇಳಿದ. ಪಡಸಾಲೆಯಲ್ಲಿದ್ದ ಮರಿಬಸಪ್ಪನವರು ನಗುತ್ತಾ ಹಳೆಯ ಕತೆ ಹೇಳಿದರು.

ಹೊನ್ನೂರಪ್ಪ ನಗಲಿಲ್ಲ. "ಅಮ್ಮಾರು ಆರಿಸಿದ್ದು ಖರೇರಿ, ಸಾವ್ಕಾರ್ರ. ಕರೆಂಟ್ ತರೋ ಫೇಸ್ ವೈರು ಸ್ವಿಚ್ಚಿಗೆ ಬಂದಾ ಇಲ್ಲ, ಸೀದಾ ಬಲ್ಬಿಗೆ ಹೋಗೈತಿ; ಸ್ವಿಚ್ಚಿಗೆ ಬಂದಿರೋದು ವಾಪಸ್ ಹೋಗೋ ವೈರು. ಬಲ್ಬು ಆರಿದ್ರೂ ಹೋಲ್ಡರಿನ್ಯಾಗ ಕರೆಂಟ್ ಇರ್ತೈತಿ. ತಪ್ಪು ಅಮ್ಮಾರದಲ್ಲ, ವೈರಿಂಗ್ ಮಾಡಿದಾವಂದು."

ಚಹಾ ತಂದಿದ್ದ ಅಕ್ಕನಾಗಮ್ಮ ಬಾಗಿಲಲ್ಲೇ ನಿಂತರು. ಲೋಟಗಳನ್ನು ಕೆಳಗಿಟ್ಟು, ಇನ್ನೊಮ್ಮೆ ಹೇಳಪ್ಪಾ ಎಂದರು. ಅವನು ಇನ್ನೊಮ್ಮೆ ಹೇಳಿದ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

"ನಾ ಅವತ್ತಾ ಹೇಳಿದ್ನಿ," ಎಂದರು.

ಮರಿಬಸಪ್ಪನವರು ಎದ್ದು ಬಂದು ಆ ವೈರನ್ನು ಬಹಳ ಹೊತ್ತು ನೋಡಿದರು. "ಹೇಳಿದ್ದಿ. ನಾವಾ ಕೇಳಲಿಲ್ಲ," ಎಂದರು. ಹೊರಗಿನವನ ಎದುರಿಗೆ ಅವರು ಹೆಂಡತಿಗೆ ಹಾಗೆ ಅಂದದ್ದು ಅದೇ ಮೊದಲು.

ಕೆಲಸ ಮಾತಾಡಿದ್ದು ಒಂದೇ ಕೋಣೆಗೆ. ಸಂಜೆ ಹೊಸ ವೈರು ಎಳೆದು ಮುಗಿದ ಮೇಲೆ ಹೊನ್ನೂರಪ್ಪ ಸಾಮಾನು ಕಟ್ಟತೊಡಗಿದ. ಅಕ್ಕನಾಗಮ್ಮ ತಡೆದರು. ಇದನ್ನು ಮಾಡಿದವನೇ ಉಳಿದ ಕೋಣೆಗಳನ್ನೂ ಮಾಡಿದ್ದಾನೆ, ಎಲ್ಲವನ್ನೂ ನೋಡಿಯೇ ಹೋಗಬೇಕು ಎಂದರು. ಅವರ ದನಿಯಲ್ಲಿ ಅನುಮಾನವಿರಲಿಲ್ಲ. ಅಡುಗೆಮನೆಯ ದೀಪ ತೋರಿಸಲು ತಾವೇ ಮುಂದೆ ನಡೆದರು. ಹಿಂದೆ ಟೆಸ್ಟರ್ ಹಿಡಿದು ಹೊನ್ನೂರಪ್ಪ, ಅವನ ಹಿಂದೆ ಏಣಿ ಹೊತ್ತು ಮರಿಬಸಪ್ಪನವರು.